ಒಂದು ಮೊರ ತೌಡಿಗೆ ಮಾರಿದ ಮಗಳು

ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಬೆಟ್ಟಮ್ಮ ‘ಸೌತೇಕಾಯ್’ ಎಂದು ಕೂಗಿದರೆ ಮಂಡ್ಯದ ಸ್ಟೇಷನ್ನಿನಲ್ಲಿ ಕೂತವರು ಜೇಬಿಗೆ ಕೈ ಹಾಕಿ ಚಿಲ್ಲರೆ ಹುಡುಕುತ್ತಿದ್ದರು. ಒಂದು ಸಲ ಅವಳು ಒಂದರ ಹಿಂದೊಂದು ಎರಡು ಕೂಗು ಹಾಕಿದ್ದನ್ನು ಡ್ರೈವರು ಗಾರ್ಡಿನ ಸೀಟಿ ಎಂದೇ ತಿಳಿದು ಗಾಡಿ ಬಿಟ್ಟುಬಿಟ್ಟನಂತೆ. ಅರ್ಧ ಸೌತೆಕಾಯಿ ಬಾಯಲ್ಲಿ, ಹೆಂಡತಿ ಪ್ಲಾಟ್‌ಫಾರಮ್ಮಿನಲ್ಲಿ, ಹೀಗೆ ಮೈಸೂರು ಮುಟ್ಟಿದ ಗಂಡಸರು ನಾಲ್ಕು ಜನ. ಅವರಲ್ಲಿ ಮೂವರು ಬೆಟ್ಟಮ್ಮನಿಗೆ ಇವತ್ತಿಗೂ ಕೈ ಮುಗಿಯುತ್ತಾರೆ.

ಇದು ಅವಳು ಸಮಾಧಾನವಾಗಿದ್ದಾಗಿನ ದನಿ. ಸಿಟ್ಟು ಬಂದಾಗಿನ ದನಿಗೆ ಶಿಂಷಾ ಹೊಳೆ ಒಂದು ಗೇಣು ಹಿಂದಕ್ಕೆ ಸರಿದು ನಿಲ್ಲುತ್ತಿತ್ತು.

ಮಳವಳ್ಳಿ ಕಡೆಯ ಹೆಣ್ಣು. ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದ ಮರಿಸಿದ್ದಯ್ಯನನ್ನು ಕಟ್ಟಿಕೊಂಡು ಮದ್ದೂರಿಗೆ ಬಂದವಳು. ಮೂರು ಮಕ್ಕಳನ್ನು ಹೆತ್ತಳು. ಮೂರು ಕೂಸುಗಳೂ ಒಂದು ವರ್ಷ ತುಂಬುವುದಕ್ಕೆ ಮೊದಲೇ ಹೋದವು. ನಾಲ್ಕನೆಯದು ಹೆಣ್ಣು, ಎಪ್ಪತ್ತೆರಡನೇ ಇಸವಿಯಲ್ಲಿ ಹುಟ್ಟಿತು. ಈ ಸಲ ಯಮನಿಗೆ ಸುಲಭಕ್ಕೆ ಬಿಡುವುದಿಲ್ಲವೆಂದು ಬೆಟ್ಟಮ್ಮ, ಮಕ್ಕಳು ನಿಲ್ಲದ ಮನೆಗಳಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಕೂಸನ್ನು ಮೊರದಲ್ಲಿ ಮಲಗಿಸಿ ಹೊಸಿಲ ಮೇಲಿಟ್ಟಳು. ಪಕ್ಕದ ಮನೆಯ ಸಣ್ಣತಾಯಮ್ಮ ಒಂದು ಮೊರ ತೌಡು ಸುರಿದು ಕೂಸನ್ನು ಕೊಂಡುಕೊಂಡಳು. ಕೊಂಡವಳು ಅಲ್ಲೇ ತಿರುಗಿ ಬೆಟ್ಟಮ್ಮನ ಮಡಿಲಿಗೆ ಹಾಕಿದಳು.

“ತಗೊ ಬೆಟ್ಟಕ್ಕ, ಇದು ಇನ್ಮ್ಯಾಕೆ ನನ್ ಕೂಸು. ನೀನು ಕೂಲಿಗೆ ಸಾಕೋಳು, ಅಷ್ಟೆಯಾ.”

“ಕೂಲಿ ಏನ್ ಕೊಟ್ಟೀಯೆ?”

“ದಿನಕ್ಕೊಂದು ಬೈಗುಳ.”

“ಅದು ನನ್ ತಾವೇ ಬೇಕಾದಂಗದೆ, ನಿಂದ್ಯಾರಿಗೆ ಬೇಕು ಓಗೆ!”

ಲೆಕ್ಕಾಚಾರ ಇಷ್ಟೆ. ಯಮನ ಕಡೆಯವರು ಬಂದು ‘ಬೆಟ್ಟಮ್ಮನ ಮಗು ಯಾವುದು’ ಎಂದು ವಿಚಾರಿಸಿದರೆ ಅಂಥದ್ದೊಂದು ಆ ಬೀದಿಯಲ್ಲೇ ಇರುವುದಿಲ್ಲ. ಅವರು ಬರಿಗೈಲಿ ವಾಪಸ್ಸು. ಮಗುವಿಗೆ ತೌಡಮ್ಮ ಎಂದು ಹೆಸರಿಟ್ಟರು. ಆ ಹೆಸರು ಕೇಳಿ ಯಮನಿಗೂ ವಾಕರಿಕೆ ಬರಲಿ ಎಂದು. ಆದರೆ ಒಂದು ಕಟ್ಟುಪಾಡಿತ್ತು. ಹೊರಗಿನವರ ಎದುರಿಗೆ ‘ನನ್ನ ಮಗಳು’ ಎಂದು ಬಾಯಿ ಬಿಡಬಾರದು. ಬೆಟ್ಟಮ್ಮ ಬಿಡಲಿಲ್ಲ. ಮಗು ನಡೆಯುವುದಕ್ಕೆ ಮುಂಚೆ ಮರಿಸಿದ್ದಯ್ಯ ಹಾವು ಕಚ್ಚಿ ತೀರಿಕೊಂಡ; ಸೌತೆಕಾಯಿ ಮಂಕರಿಯ ಪಕ್ಕದಲ್ಲಿ ಕೂಸನ್ನು ಕೂರಿಸಿಕೊಂಡೇ ವ್ಯಾಪಾರ ಮಾಡಿದಳು. ರೈಲಿನವರು ಕಿಟಕಿಯಿಂದ “ನಿನ್ನ ಮಗಳೇನಮ್ಮಾ?” ಎಂದರೆ, “ನಂದಲ್ಲ, ಮಾರ್ಬುಟ್ಟಿವ್ನಿ” ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಯಾಕೆ ನಗುವುದಿಲ್ಲ? ಅವರವರ ಮನೆಯಲ್ಲೂ ಒಬ್ಬ ಗುಂಡನೋ ತಿಪ್ಪನೋ ಹೀಗೇ ಬದುಕಿ ಉಳಿದಿದ್ದ.

ಎಪ್ಪತ್ತೈದರ ಮಳೆಗಾಲದಲ್ಲಿ ಬೆಟ್ಟಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮಿನಲ್ಲಿ ರಕ್ತ ಬಂತು. ಡಾಕ್ಟರು ನೋಡಿ, ಕ್ಷಯ, ಆರು ತಿಂಗಳು ಮೈಸೂರಿನ ಆಸ್ಪತ್ರೆಯಲ್ಲಿರಬೇಕು, ಮಗುವನ್ನು ಹತ್ತಿರ ಸೇರಿಸಬೇಡ ಎಂದರು. ಸಣ್ಣತಾಯಮ್ಮನ ಮನೆಯಲ್ಲಿ ಆಗ ಮೂರು ಮಕ್ಕಳಿಗೆ ಅಮ್ಮ ಆಗಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಅಲ್ಲಿಗೆ ಕಳಿಸುವ ಹಾಗಿರಲಿಲ್ಲ. ಮಂಡ್ಯದ ಹೊರಗೆ ಹೊಸದಾಗಿ ಒಂದು ಮಕ್ಕಳ ಮನೆ ತೆರೆದಿದೆ, ಕಾಯಿಲೆಯವರ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಬೆಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಮೂರು ವರ್ಷದ ಮಗಳನ್ನು ಮಾರು ದೂರದಲ್ಲಿ ನಡೆಸಿಕೊಂಡು ಹೋದಳು.

ಅಲ್ಲಿ ರಿಜಿಸ್ಟರು ಬರೆಯುವವನು ಕಸ್ತೂರಿರಂಗ. ಅವನೂ ಮಳವಳ್ಳಿಯವನೇ. ಅಕ್ಷರ ಎಷ್ಟು ದುಂಡಗೆಂದರೆ ಅವನು ಬರೆದ ಹಾಳೆಯ ಮೇಲೆ ಇರುವೆಗಳು ಕೂಡ ಸಾಲು ತಪ್ಪದೆ ಹೋಗುತ್ತಿದ್ದವು.

ತೌಡಮ್ಮ ಎಂಬ ಹೆಸರು ಬರೆದುಕೊಂಡು ಕೇಳಿದ: “ಮಗು ನಿನ್ನದೇನಮ್ಮಾ?”

“ಅಲ್ಲ ಅಯ್ನೋರೆ. ಮಾರ್ಬುಟ್ಟಿವ್ನಿ.”

“ಯಾರಿಗೆ?”

“ಪಕ್ಕದ್ ಮನೆ ಸಣ್ಣತಾಯಮ್ಮಂಗೆ. ಒಂದ್ ಮೊರ ತೌಡ್ಗೆ.”

ಕಸ್ತೂರಿರಂಗನ ಮೀಸೆಯ ತುದಿಯಲ್ಲಿ ಸಣ್ಣ ನಗು ಬಂತು. “ಅದಕ್ಕೇ ಈ ಹೆಸರೋ” ಎಂದ. ಬೆಟ್ಟಮ್ಮನಿಗೆ ಜೀವ ತಣ್ಣಗಾಯಿತು; ನಮ್ಮ ಕಡೆಯ ಮನುಷ್ಯ, ಬಿಡಿಸಿ ಹೇಳುವ ಕೆಲಸವಿಲ್ಲ ಎಂದುಕೊಂಡಳು. ಅವನು ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು.

“ಸಂಕ್ರಾಂತಿಗೆ ಬತ್ತೀನಿ ಕನವ್ವ, ಎಳ್ಳು ಬೆಲ್ಲ ತತ್ತೀನಿ” ಎಂದು ದೂರದಿಂದಲೇ ಮಗಳಿಗೆ ಹೇಳಿ ಮೈಸೂರು ಬಸ್ಸು ಹತ್ತಿದಳು.

ಸಂಕ್ರಾಂತಿಗೆ ಬಂದಳು. ವಾಸಿಯಾಗಿ, ಮೊದಲಿನ ಅರ್ಧ ಮೈಯಾಗಿ, ಸೆರಗಿನಲ್ಲಿ ಎಳ್ಳು ಬೆಲ್ಲ ಕಟ್ಟಿಕೊಂಡು ಬಂದಳು. ಮಗು ಇರಲಿಲ್ಲ.

“ಒಳ್ಳೆ ಕಡೆ ಹೋಗಿದೆಯಮ್ಮ” ಎಂದ ಕಸ್ತೂರಿರಂಗ, ತಲೆ ಎತ್ತದೆ. “ಸ್ವೀಡನ್ ಅಂತ. ಮಕ್ಕಳಿಲ್ಲದ ದಂಪತಿ. ವಿಮಾನದಲ್ಲಿ ಕರೆದುಕೊಂಡು ಹೋದರು.”

“ಯಾರ್ನ ಕೇಳಿ ಕಳುಸುದ್ರಿ?”

“ಯಾರನ್ನು ಕೇಳಬೇಕು? ನಿನ್ನ ಮಗು ಅಲ್ಲ ಅಂತ ನೀನೇ ಹೇಳಿದೆ. ಹೆಬ್ಬೆಟ್ಟಿದೆ.”

ಅದು ಎಮರ್ಜೆನ್ಸಿಯ ಕಾಲ. ಗಟ್ಟಿಯಾಗಿ ಸೀನುವುದಕ್ಕೂ ಜನ ಅತ್ತಿತ್ತ ನೋಡುತ್ತಿದ್ದರು. ಆವತ್ತು ಬೆಟ್ಟಮ್ಮ ಕೂಗಿದ ಕೂಗಿಗೆ ಸಕ್ಕರೆ ಕಾರ್ಖಾನೆಯವರು ಪಾಳಿ ಬದಲಾಯಿತೆಂದು ಕೆಲಸ ಬಿಟ್ಟು ಮನೆಗೆ ಹೊರಟರು ಎನ್ನುತ್ತಾರೆ. ಮಕ್ಕಳ ಮನೆಯ ಕಾವಲುಗಾರರಿಬ್ಬರು ಅವಳನ್ನು ಎಳೆದು ಗೇಟಿನಾಚೆ ಹಾಕಿದರು. ಗೇಟಿನ ಸರಳು ಹಿಡಿದುಕೊಂಡು ಅವಳು ಕೇಳಿದಳು.

“ನಾನು ಒಂದ್ ಮೊರ ತೌಡ್ಗೆ ಮಾರ್ದೆ, ಸರಿ ಕನ್ರಯ್ಯಾ! ನೀವು ಎಷ್ಟಕ್ಕೆ ಮಾರುದ್ರಿ?”

ಪಂಕಜಮ್ಮ ಎಂಬ ಟೀಚರು ದಿನಾ ಮದ್ದೂರಿನಿಂದ ಮಂಡ್ಯದ ಶಾಲೆಗೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಬೆಟ್ಟಮ್ಮನ ಖಾಯಂ ಗಿರಾಕಿ. ಕಸ್ತೂರಿರಂಗನಿಗೆ ಸೋದರತ್ತೆಯ ಮಗಳು, ವಯಸ್ಸಿನಲ್ಲಿ ದೊಡ್ಡವರು. ಆ ಸಂಬಂಧದ ನಾಚಿಕೆಯಿಂದಲೋ ಏನೋ, ತಾವೇ ಹೋಗಿ ರಿಜಿಸ್ಟರಿನ ನಕಲು ತೆಗೆಸಿಕೊಂಡು ಬಂದು, ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಓದಿ ಹೇಳಿದರು: ‘ಈ ಹೆಂಗಸು ತಾನು ಮಗುವಿನ ತಾಯಿಯಲ್ಲವೆಂದೂ, ಮಗುವನ್ನು ತೌಡಿಗೆ ಮಾರಿರುವುದಾಗಿಯೂ ತಾನಾಗಿಯೇ ಒಪ್ಪಿಕೊಂಡಿದ್ದಾಳೆ. ಮಗುವಿಗೆ ದಿಕ್ಕಿಲ್ಲ.’

“ಇದನ್ನು ಇಂಗ್ಲಿಷಿಗೆ ಮಾಡಿ ಮಗುವಿನ ಜೊತೆ ಕಳಿಸಿದ್ದಾರೆ, ಬೆಟ್ಟಮ್ಮ.”

“ಅಂಗಂದ್ರೆ?”

“ಅಂದರೆ... ಅವಳು ದೊಡ್ಡವಳಾಗಿ, ನಾನು ಯಾರ ಮಗಳು ಅಂತ ಕೇಳಿದ ದಿನ ಈ ಕಾಗದ ತೆಗೆದು ತೋರಿಸುತ್ತಾರೆ.”

ಎರಡು ಗಾಡಿ ಬಂದವು, ಹೋದವು. ಬೆಟ್ಟಮ್ಮ ಒಂದು ಸೌತೆಕಾಯಿಯನ್ನೂ ಮಾರಲಿಲ್ಲ. ಅವಳ ಕೂಗು ಕೇಳದೆ ಸ್ಟೇಷನ್ ಮಾಸ್ತರು ಗಾಬರಿಯಾಗಿ ಹೊರಗೆ ಬಂದು ಗಡಿಯಾರ ಸರಿಯಾಗಿದೆಯೇ ಎಂದು ನೋಡಿದರು. ಕೊನೆಗೆ ಅವಳು ಎದ್ದು ನಿಂತು ಹೇಳಿದಳು: “ಮಗ್ಳು ಸಿಕ್ಕಲಿ ಬುಡ್ಲಿ, ಆ ಮಾತು ಅಳಿಸ್ಬೇಕು. ನಮ್ಮವ್ವ ನನ್ನ ಮಾರುದ್ಲು ಅಂದ್ಕಂಡು ನನ್ ಕೂಸು ಬದುಕಬಾರ್ದು.”

ಎರಡು ವರ್ಷ ಅರ್ಜಿ ಬರೆದರು. ಬರೆದವರು ಪಂಕಜಮ್ಮ, ಬೈದವಳು ಬೆಟ್ಟಮ್ಮ; ಬೈಗುಳವನ್ನೆಲ್ಲ ‘ಘನತೆವೆತ್ತ’ ಎಂದು ತಿದ್ದಿ ತಿದ್ದಿ ಟೀಚರ ಪೆನ್ನಿನ ನಿಬ್ಬು ಮೂರು ಸಲ ಮುರಿಯಿತು. ಆ ಅರ್ಜಿಗಳನ್ನು ತಿಂದ ಗೆದ್ದಲುಗಳು ಎಮ್ಮೆಕರುವಿನ ಗಾತ್ರ ಬೆಳೆದು ಹಗ್ಗ ಹಾಕಿ ಕಟ್ಟುವ ಹಾಗಾಗಿದ್ದವಂತೆ. ಎಮರ್ಜೆನ್ಸಿ ಹೋಯಿತು. ಎಪ್ಪತ್ತೇಳರ ಕೊನೆಯಲ್ಲಿ ಬೆಂಗಳೂರಿನಿಂದ ವೆಂಕಟೇಶಮೂರ್ತಿ ಎಂಬ ಅಧಿಕಾರಿ ವಿಚಾರಣೆಗೆಂದು ಅದೇ ಮಕ್ಕಳ ಮನೆಗೆ ಬಂದರು.

ಕಸ್ತೂರಿರಂಗ ರಿಜಿಸ್ಟರನ್ನು ಎದೆಗವಚಿಕೊಂಡು ನಿಂತ. “ಅವಳು ಹೇಳಿದ್ದನ್ನು ಬರೆದೆ ಸಾರ್. ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ.”

ಅಧಿಕಾರಿ ಸಣ್ಣತಾಯಮ್ಮನನ್ನು ಕರೆದರು. “ಮಗುವನ್ನು ಕೊಂಡದ್ದು ನೀವೇನಮ್ಮಾ?”

“ಊ ಕನ್ ಬುದ್ದಿ, ನಾನೇಯ. ಒಳ್ಳೆ ತೌಡು, ನುಚ್ಚಿತ್ತು ಅದ್ರಗೆ.”

“ಹಾಗಾದರೆ ಮಗು ನಿಮ್ಮದು?”

“ಅಯ್ಯೋ, ನಂದೆಂಗಾಯ್ತದೆ! ಎತ್ತೋಳು ಇಲ್ನಿಂತವ್ಳಲ್ಲ, ಗೂಳಿ ಗುಟುರು ಹಾಕ್ದಂಗೆ.”

“ಮತ್ತೆ ಯಾಕೆ ಕೊಂಡಿರಿ?”

“ಯಮುಂಗೆ ಟೋಪಿ ಹಾಕಕೆ ಬುದ್ದಿ. ಅಷ್ಟೂ ಗೊತ್ತಿಲ್ವಾ? ನಿಮ್ಮವ್ವನ ಕೇಳೋಗಿ.”

ವೆಂಕಟೇಶಮೂರ್ತಿಗಳು ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡರು. ಅವರಿಗೂ ಗೊತ್ತಿತ್ತು. ಕಾವಲುಗಾರನಿಗೆ ಗೊತ್ತಿತ್ತು. ಕಾಫಿ ತಂದಿಟ್ಟವನಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿಲ್ಲದವನ ಹಾಗೆ ನಿಂತಿದ್ದವನು ಒಬ್ಬನೇ. ಪಂಕಜಮ್ಮ ಎದ್ದು ನಿಂತರು.

“ರಂಗ, ಮನೆಯಲ್ಲಿ ನಿನ್ನನ್ನು ಏನಂತ ಕರೆಯುತ್ತಾರೆ?”

“ಅದ್ಯಾಕೆ ಇಲ್ಲಿ, ಪಂಕಜಕ್ಕ...”

“ಗುಂಡ ಅಂತ. ನಿನಗಿಂತ ಮುಂಚೆ ಎರಡು ಹೋಗಿದ್ದವು. ನಿಮ್ಮಮ್ಮ ನಿನ್ನನ್ನು ನಮ್ಮಮ್ಮನಿಗೆ ಮೂರು ಹಿಡಿ ತೌಡಿಗೆ ಮಾರಿದಳು. ನೀನು ಬರೆದದ್ದು ಸರಿ ಅನ್ನುವುದಾದರೆ, ನೀನು ಮೂವತ್ತೈದು ವರ್ಷದಿಂದ ನಮ್ಮ ಮನೆಯ ಸಾಮಾನು! ನಿನ್ನನ್ನೂ ಪೊಟ್ಟಣ ಕಟ್ಟಿ ಸ್ವೀಡನ್ನಿಗೆ ಕಳಿಸಬೇಕಾಗಿತ್ತು. ಕಳಿಸಲಾ?”

ಬೆಟ್ಟಮ್ಮ ಅವನ ಹತ್ತಿರಕ್ಕೆ ಬಂದಳು. ಇಡೀ ಮಂಡ್ಯ ಕಿವಿ ಮುಚ್ಚಿಕೊಳ್ಳುವುದಕ್ಕೆ ಸಿದ್ಧವಾಗಿತ್ತು; ಅವಳು ಪಿಸುಮಾತಿನಲ್ಲಿ ಕೇಳಿದಳು.

“ನಿಂಗೊತ್ತಿತ್ತಾ?”

ಕಸ್ತೂರಿರಂಗ ನೆಲ ನೋಡಿದ. “ಬೇಗ ಕಳಿಸಬೇಕು ಅಂತ ಮೇಲಿನವರು ಹೇಳಿದ್ದರು. ತಾಯಿ ಇದ್ದಾಳೆ ಅಂತ ಬರೆದರೆ ಮಗು ಹೋಗುವ ಹಾಗಿರಲಿಲ್ಲ.”

“ಆ ಬಿಳೀ ಜನ ತಿಳೀದೆ ಮಾಡುದ್ರು ಅಂದ್ರೆ ಒಪ್ಕೋತೀನಿ. ಅವ್ರ ಸೀಮೇಲಿ ತೌಡು ಐತೋ ಇಲ್ವೋ. ನೀನು? ನನ್ ಮಾತು ಕೇಳಿ ಮೀಸೇಲಿ ನಕ್ಕಿದ್ದೆ ಕಣೊ! ನಕ್ಕ ಮುಖದಲ್ಲೇ ಬರುದ್ಯಲ್ಲೋ, ದಿಕ್ಕಿಲ್ಲ ಅಂತ! ದಿಕ್ಕು ನಿನ್ ಮುಂದೇ ನಿಂತ್ಕಂಡು ಕೆಮ್ತಿತ್ತಲ್ಲೋ!” ಅಲ್ಲಿಂದ ದನಿ ಏರಿತು. “ಬರ್ಕೊ ಈಗ. ಅದು ನನ್ ಮಗ್ಳು. ನಾನೇ ಎತ್ತಿದ್ದು. ನನ್ ಮಗ್ಳು, ನನ್ ಮಗ್ಳು! ಯಮ ಕೇಳುಸ್ಕಂಡ್ರೆ ಕೇಳುಸ್ಕೊಳ್ಲಿ, ಸಮುದ್ರ ದಾಟಿ ಓಗಕೆ ಅವುನ್ ಕ್ವಾಣುಂಗೆ ಈಜು ಬತ್ತದಾ ನೋಡಾನ!”

ಕಿಟಕಿಯ ಗಾಜು ಒಡೆಯಿತು. ಮೊದಲೇ ಬಿರುಕು ಬಿಟ್ಟಿತ್ತು ಎಂದು ಮಕ್ಕಳ ಮನೆಯವರು ಹೇಳುತ್ತಾರೆ. ಅವರ ಮಾತನ್ನು ನಂಬುವವರು ನಂಬಲಿ.

ವೆಂಕಟೇಶಮೂರ್ತಿಗಳು ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನಕ್ಕೆ ಅಂದಿನ ಕಾಯಿದೆಯಲ್ಲಿ ಉದ್ದನೆಯ ಕೈ ಇರಲಿಲ್ಲ. ಸ್ವೀಡನ್ನಿನ ಕೋರ್ಟು ದತ್ತು ಕೊಟ್ಟಾಗಿದೆ, ಮಗುವನ್ನು ವಾಪಸ್ಸು ತರಿಸುವುದು ತಮ್ಮಿಂದಾಗುವುದಿಲ್ಲ ಎಂದರು. ಹೊಸ ಹೇಳಿಕೆ ಬರೆಸಿ ಅಲ್ಲಿನ ಆ ದಂಪತಿಗೆ ಕಳಿಸಬಹುದು ಎಂದರು. ಹಳೆಯ ಸಾಲಿನ ಕೆಳಗೇ, ಅದೇ ದುಂಡು ಅಕ್ಷರದಲ್ಲಿ, ಕಸ್ತೂರಿರಂಗನ ಕೈಯಲ್ಲೇ ಬರೆಸಿದರು. ಮೊದಲ ಸಲ ಅಕ್ಷರ ಸೊಟ್ಟಗಾಯಿತು. “ನೆಟ್ಟುಗೆ ಬರಿ” ಎಂದಳು ಬೆಟ್ಟಮ್ಮ. ಎರಡು ಸಲ ಬರೆಸಿದಳು. ಮಕ್ಕಳ ಮನೆಯವರು ಅವಳಿಗೆ ಆಯಾ ಕೆಲಸ ಕೊಡುತ್ತೇವೆಂದರು. ಅವಳು ಅದಕ್ಕೆ ಕೊಟ್ಟ ಉತ್ತರವನ್ನು ಅಚ್ಚು ಹಾಕಿದರೆ ಹಾಳೆ ಸುಡುತ್ತದೆ. ಮರುವರ್ಷ ಆ ಮನೆ ಮುಚ್ಚಿತು. ಬೇರೆ ಊರಿನಲ್ಲಿ ಬೇರೆ ಬೋರ್ಡು ಹಾಕಿಕೊಂಡು ತೆರೆಯಿತು ಎಂದು ಕೇಳಿ ಬೆಟ್ಟಮ್ಮ ಮೂರು ದಿನ ಅನ್ನ ಬಿಟ್ಟಳು, ಬೈಯುವುದನ್ನು ಬಿಡಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಪಂಕಜಮ್ಮನ ವಿಳಾಸಕ್ಕೆ ಸ್ವೀಡನ್ನಿನ ಆ ದಂಪತಿಯಿಂದ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಟೀಚರು ಅದೇ ಕಲ್ಲುಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದರು. ತಾಯಿ ಇದ್ದಾಳೆಂದು ನಮಗೆ ಯಾರೂ ಹೇಳಲಿಲ್ಲ, ಹೇಳಿದ್ದರೆ ಮಗುವನ್ನು ಕರೆತರುತ್ತಿರಲಿಲ್ಲ ಎಂದು ಅವರು ಬರೆದಿದ್ದರು. ಹುಡುಗಿ ಚೆನ್ನಾಗಿದ್ದಾಳೆ. ಏಳು ವರ್ಷ. ಕನ್ನಡ ಮರೆತಿದ್ದಾಳೆ. ಗಟ್ಟಿಯಾಗಿ ಮಾತಾಡುತ್ತಾಳೆಂದು ಶಾಲೆಯಿಂದ ದೂರು ಬರುತ್ತದೆ.

ಬೆಟ್ಟಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆಮ್ಯಾಕೆ?”

“ಈಗ ಹೇಳಿದರೆ ಮಗು ನೊಂದುಕೊಳ್ಳುತ್ತಾಳೆ. ಹದಿನೆಂಟು ತುಂಬಿದ ಮೇಲೆ ಎಲ್ಲವನ್ನೂ ಹೇಳುತ್ತೇವೆ, ಅಂತ.”

“ಅದ್ನೆಂಟಾ?”

ಬೆಂಗಳೂರು ಗಾಡಿ ಬಂದು ನಿಂತಿತ್ತು. ಸೌತೆಕಾಯಿಗೆ ಕೈ ಚಾಚಿದವರು ಆ ದನಿ ಕೇಳಿ ಕೈ ಒಳಗೆಳೆದುಕೊಂಡರು.

“ಇನ್ನೂ ಅನ್ನೊಂದು ವರ್ಸ ನನ್ ಮಗ್ಳು ಏನಂತ ತಿಳ್ಕಂಡಿರ್ಬೇಕು? ನಮ್ಮವ್ವ ನನ್ನ ಮಾರುದ್ಲು ಅಂತ್ಲಾ? ಬರೀರಿ ಟೀಚರಮ್ಮ. ಇಲ್ಲೇ ಬರೀರಿ. ನೀವು ನನ್ ಕೂಸಿಗೆ ಇಟ್ಟು ಆಕ್ತಾ ಇದ್ದೀರಿ, ಅದ್ನ ನಾನು ಮರ್ಯಕಿಲ್ಲ. ನೀವು ಕಳ್ರಲ್ಲ, ಗೊತ್ತು. ಆದ್ರೆ ನಾನು ಮಾರ್ಲಿಲ್ಲ ಅನ್ನ ಮಾತು ನಂದು. ಅದ್ನ ಅನ್ನೊಂದು ವರ್ಸ ಪೆಟ್ಗೇಲಿಕ್ಕಿ ಬೀಗ ಆಕಕೆ ನಿಮ್ಗೆ ಕೊಟ್ಟಿಲ್ಲ. ಈ ಕಾಗ್ದ ಸಿಕ್ಕಿದ್ ದಿನ್ವೇ ಅವ್ಳನ್ನ ಕೂರಿಸ್ಕಂಡು ಯೋಳಿ. ಅತ್ರೆ ಅಳ್ಲಿ. ನಾನೂ ಅತ್ತಿವ್ನಿ.”

ಪಂಕಜಮ್ಮ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತ ಹೋದರು. ಬೆಟ್ಟಮ್ಮ ಬಗ್ಗಿ, ಓದಲು ಬಾರದ ಕಣ್ಣಿನಿಂದ ಸಾಲುಗಳನ್ನು ಒಂದೊಂದಾಗಿ ನೋಡಿದಳು. ಒಂದು ಕಡೆ ಬೆರಳಿಟ್ಟಳು.

“ನಾನು ಯೋಳ್ದಾಗ ನೀವು ಕೈ ನಿಲ್ಸಿದ್ರಿ. ಆಮ್ಯಾಕೆ ಇದ್ನ ಬರುದ್ರಿ. ಇದೇನು?”

“ದಯವಿಟ್ಟು ಅಂತ.”

“ನಾನು ಅಂದ್ನಾ ಅದ್ನ?”

“ಇಲ್ಲ.”

“ವಡ್ದಾಕಿ.”

ಪಂಕಜಮ್ಮ ಹೊಡೆದುಹಾಕಿದರು.