ಡಾಕ್ಟರಿಗೆ ನಾನು ಹೇಳಿದ ಮಾತು

ನನ್ನ ಗಂಡನನ್ನು ಆ ಕೊನೆಯ ಪಂದ್ಯಕ್ಕೆ ಇಳಿಸಿದ್ದು ಕೋಚ್ ಅಲ್ಲ, ನಾನು. ಐಮಂಗಲದಲ್ಲಿ ಜನ ಇವತ್ತಿಗೂ ಆ ಕೋಚನ್ನೇ ಬೈಯುತ್ತಾರೆ. ಬೈಯುವಾಗ ನಾನೂ ಅಲ್ಲೇ ಇರುತ್ತೇನೆ — ಚಹಾ ತಂದಿಡುತ್ತ, ಹೌದೆನ್ನುವಂತೆ ತಲೆಯಾಡಿಸುತ್ತ.

ನನ್ನ ಗಂಡ ತಿಪ್ಪೇಸ್ವಾಮಿ ಕಬಡ್ಡಿ ಆಟಗಾರ. ಟಿ.ವಿ.ಯಲ್ಲಿ ಬರುವ ದೊಡ್ಡ ಲೀಗಿನಲ್ಲಿ ಡಿಫೆಂಡರ್ ಆಗಿದ್ದವರು. ಎದುರಾಳಿ ರೈಡರ್ ಒಳಗೆ ನುಗ್ಗಿದರೆ ಎಲ್ಲರಿಗಿಂತ ಮೊದಲು ಅವನ ಕಾಲಿಗೆ ಬಿದ್ದು ಹಿಡಿಯುವುದು ಇವರ ಕೆಲಸ. ಕುರಿ ಸಾಕುವ ಮನೆಯ ಮಗ. ಉಣ್ಣೆ ಕತ್ತರಿಸುವ ದಿನ ಓಡುವ ಟಗರನ್ನು ಹಿಂಗಾಲು ಹಿಡಿದು ಕೆಡವುತ್ತಿದ್ದ ಕೈ. ಚಿತ್ರದುರ್ಗದ ಕಾಲೇಜು ಮೈದಾನದಲ್ಲಿ ಆ ಕೈಯ ಬಿಗಿ ನೋಡಿಯೇ ಕೋಚ್ ಇವರನ್ನು ಆರಿಸಿಕೊಂಡರಂತೆ. ಊರಿನವರು ನಮ್ಮದನ್ನು ‘ಟಿ.ವಿ. ತಿಪ್ಪೇಸ್ವಾಮಿ ಮನೆ’ ಎನ್ನುತ್ತಿದ್ದರು. ಅದು ನನಗೆ ಎಷ್ಟು ಇಷ್ಟವಾಗುತ್ತಿತ್ತೆಂದರೆ — ಹೇಳಲು ಈಗ ನಾಚಿಕೆ.

ಕಾಲಿಗೆ ಬೀಳುವವನ ತಲೆ ಎದುರಿನವನ ಮೊಣಕಾಲಿಗೆ ಸಿಗುತ್ತದೆ, ಮತ್ತೆ ಮತ್ತೆ. ಹಾಗೆ ಒಮ್ಮೆ ಏಟು ಬಿದ್ದು ಅಂಕಣದಲ್ಲೇ ಪ್ರಜ್ಞೆ ತಪ್ಪಿತು. ವಿಶ್ರಾಂತಿಗೆಂದು ಊರಿಗೆ ಕಳಿಸಿದರು. ಮನೆಯಲ್ಲಿ ಬೆಳಕು ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಉಂಡದ್ದು ನಿಲ್ಲುತ್ತಿರಲಿಲ್ಲ. ಒಂದು ದಿನ ಹಿರಿಯೂರಿಗೆ ಬೈಕಿನಲ್ಲಿ ಹೋದವರು, ಹುಟ್ಟಿದಾಗಿನಿಂದ ಕಂಡ ದಾರಿಯನ್ನೇ ಮರೆತು ಹೆದ್ದಾರಿ ಬದಿಯಲ್ಲಿ ನಿಂತುಬಿಟ್ಟಿದ್ದರು. ಆಟೋ ಮಾಡಿಕೊಂಡು ಹೋಗಿ ಕರೆತಂದೆ.

“ಯಾರಿಗೂ ಹೇಳಬ್ಯಾಡ ಕಣೇ,” ಎಂದರು. “ಸೆಮಿಫೈನಲ್ ಐತೆ. ನಾನು ಕುಂತ್ರೆ ನನ್ ಜಾಗಕ್ಕೆ ಇನ್ನೊಬ್ಬ ಬರ್ತಾನೆ.”

ಅವರು ಕೇಳಿಕೊಂಡರು, ಅದಕ್ಕೇ ಮುಚ್ಚಿಟ್ಟೆ ಎನ್ನಬಹುದಿತ್ತು. ಆದರೆ ತಂಡದ ಡಾಕ್ಟರು ನನಗೇ ಫೋನು ಮಾಡಿದರು.

“ಏನೂ ಇಲ್ಲ ಅಂತಾರಮ್ಮ ಅವರು. ಆಟಗಾರರು ಹಾಗೇ ಹೇಳೋದು. ಜೊತೇಲಿರೋರು ನೀವು, ನೀವು ಹೇಳಿ. ವಾಂತಿ, ತಲೆನೋವು, ಮರೆವು — ಏನಾದ್ರೂ ಇದೆಯಾ? ಸ್ವಲ್ಪ ಅನುಮಾನ ಇದ್ರೂ ಆಡಿಸೋದು ಬೇಡ ಅಂತಿದಾರೆ ಕೋಚ್.”

ಇವರು ಹಿತ್ತಿಲ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತಿದ್ದರು. ನನಗೆ ಕಾಣುತ್ತಿತ್ತು. ಆದರೂ ಮನಸ್ಸಿಗೆ ಬಂದದ್ದು ಅವರಲ್ಲ — ಸೆಮಿಫೈನಲ್ ನೋಡಲು ನಮ್ಮ ಅಂಗಳಕ್ಕೆ ಬರಲಿದ್ದ ಜನ. ಎಲ್ಲರನ್ನೂ ಆಗಲೇ ಕರೆದಿದ್ದೆ.

“ಏನೂ ಇಲ್ಲ ಡಾಕ್ಟ್ರೇ. ಚೆನ್ನಾಗವ್ರೆ.”

ಪಂದ್ಯದ ದಿನ ಅಂಗಳ ತುಂಬಿತ್ತು. ಟಿ.ವಿ.ಯಲ್ಲಿ ರೈಡರ್ ನುಗ್ಗಿದ, ಇವರು ಕಾಲಿಗೆ ಬಿದ್ದು ಹಿಡಿದರು. ಶಿಳ್ಳೆ, ಚಪ್ಪಾಳೆ. ನಾನೂ ಚಪ್ಪಾಳೆ ತಟ್ಟಿದೆ. ಉಳಿದವರೆಲ್ಲ ಎದ್ದರು. ಇವರು ಏಳಲಿಲ್ಲ.

ಜೀವ ಉಳಿಯಿತು. ಈಗ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಏಟಿನ ಆಸುಪಾಸಿನ ದಿನಗಳಂತೂ ಪೂರ್ತಿ ಅಳಿಸಿಹೋಗಿವೆ. ಕೋಚೇ ಬಲವಂತದಿಂದ ಆಡಿಸಿದರು ಎಂದು ಊರವರು ಹೇಳಿ ಹೇಳಿ, ಅದೊಂದು ಮಾತ್ರ ತಲೆಯಲ್ಲಿ ಕೂತಿದೆ.

ಕಳೆದ ತಿಂಗಳು ಕೋಚ್ ತಮ್ಮೂರು ಹೊಳಲ್ಕೆರೆಯಿಂದ ಬಂದಿದ್ದರು, ಹಣ್ಣು ಹಿಡಿದುಕೊಂಡು. ಇವರು ಬಾಗಿಲಲ್ಲೇ ತಡೆದರು.

“ನನ್ನ ಹಾಳು ಮಾಡ್ದೋರು ನೀವು. ಹೋಗ್ರಿ.”

“ಹೌದಪ್ಪ,” ಎಂದರು ಆ ಮನುಷ್ಯ. “ನಾನು ಇನ್ನೊಂದ್ ಸಲ ಕೇಳ್ಬೇಕಾಗಿತ್ತು.”

ನನ್ನತ್ತ ಒಮ್ಮೆ ನೋಡಿದರು. ಡಾಕ್ಟರು ಅವರಿಗೆ ನನ್ನ ಮಾತು ತಿಳಿಸಿಯೇ ಇರಬೇಕು — ತಿಳಿಸಿರಲೇಬೇಕು. ಆದರೂ ಏನೂ ಹೇಳದೆ, ಹಣ್ಣನ್ನು ಜಗುಲಿಯ ಮೇಲಿಟ್ಟು ಹೋದರು.

ಅಂದು ಸಂಜೆ ಇವರ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಫೋನು, ಡಾಕ್ಟರು, ನನ್ನ ಸುಳ್ಳು.

“ನೀನಾ?” ಎಂದರು.

ಅಷ್ಟೇ. ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ರೊಟ್ಟಿ ತಿನ್ನುತ್ತ ಹೇಳಿದರು, “ಆ ಕೋಚ್ ಏನಾದ್ರೂ ಬಂದ್ರೆ ಒಳಕ್ಕೆ ಬಿಡಬ್ಯಾಡ ಕಣೇ.”

ಮರೆತಿದ್ದರು. ಮತ್ತೆ ಹೇಳಬೇಕಿತ್ತು, ಆಗಲೇ. ಹೇಳಲಿಲ್ಲ. ನನ್ನ ಎದೆ ಹಗುರವಾಗಿತ್ತು. ಹೌದು — ಹಗುರ. ಫೋನಿನಲ್ಲಿ ಹೇಳಿದ ಸುಳ್ಳಿಗಿಂತ ಆ ಹಗುರವೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಹೊಳಲ್ಕೆರೆಗೆ ಹೋಗಿ ಕೋಚನ್ನು ಕೈಮುಗಿದು ಕರೆತರಬೇಕು. ನಮ್ಮ ಅಂಗಳದಲ್ಲಿ ಊರವರು ಕೂತಿರುವಾಗಲೇ, ಇವರ ಮುಂದೆಯೇ, ಬಾಯಿಬಿಟ್ಟು ಹೇಳಬೇಕು. ಇವರು ಮರೆಯುತ್ತಾರೆ. ಊರವರು ಮರೆಯುವುದಿಲ್ಲ.