ಎಡಗೈ ಮೇಲೆ ಕುಳಿತವನು

ಶಿವನನ್ನು ನಂಬಿ ಬದುಕುವ ಅಕ್ಕ-ಅಣ್ಣಂದಿರೇ, ನಾನು ಬೆಟಗೇರಿಯ ಗಿರಿಜಾ. ಇಲ್ಲಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪವಾಡದ ಮಾತು ಬಂದರೆ ಹುಬ್ಬೇರಿಸಿ ಸಾಕ್ಷಿ ಕೇಳುವವಳು ನಾನು. ಅಂಥವಳೇ ಈಗ ಸಾಕ್ಷಿ ಹೇಳಲು ಕೂತಿದ್ದೇನೆ, ಅದೂ ನನ್ನದೇ ಕೈಯ ವಿಷಯದಲ್ಲಿ.

ಕಳೆದ ಮಾರ್ಚ್‌ನಲ್ಲಿ ಮುಂಡರಗಿಯಲ್ಲಿ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯ ಮುಗಿಸಿ, ಲಕ್ಷ್ಮೇಶ್ವರದ ತವರಿಗೆ ಹೋಗಬೇಕೆಂದು ಶಿರಹಟ್ಟಿ ಬಸ್ಸು ಹತ್ತುತ್ತಿದ್ದೆ. ಎಡಗೈಯಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿ, ಬಲಗೈಯಲ್ಲಿ ಬಾಗಿಲ ಕಂಬಿ. ಹಿಂದಿನಿಂದ ಸೀಟು ಹಿಡಿಯುವವರ ನೂಕಾಟ. ಕಾಲು ಜಾರಿ ಬಲಗೈ ಊರಿ ಬಿದ್ದೆ. ಮಣಿಕಟ್ಟು ಸೊಟ್ಟಗಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಕಂಡಕ್ಟರ್ ಇಳಿದು ಬಂದು, "ಅಕ್ಕಾರ, ಮೊದಲ ಆ ಬುತ್ತಿ ಬಿಡ್ರಿ, ಕೈ ನೋಡೂನು" ಅಂದ. ಅಷ್ಟಾದರೂ ನಾನು ಬುತ್ತಿ ಬಿಟ್ಟಿರಲಿಲ್ಲ.

ಗದಗಿನ ಆಸ್ಪತ್ರೆಯಲ್ಲಿ ಎಲುಬಿಗೆ ಲೋಹದ ಪಟ್ಟಿ ಕೂಡಿಸಿ ಪ್ಲಾಸ್ಟರ್ ಹಾಕಿದರು. ಕೈಗೆ ಪ್ಲಾಸ್ಟರ್ ಇದ್ದಾಗಲೇ ಪುಣೆಯಿಂದ ಸುದ್ದಿ ಬಂತು: ಅಲ್ಲಿಯ ಸಂಶೋಧನಾ ಕೇಂದ್ರವೊಂದರ ಬೇಸಿಗೆ ಶಾಲೆಗೆ ನಾನು ಆಯ್ಕೆಯಾಗಿದ್ದೆ. ಮೆದುಳಿನ ನರಕೋಶಗಳು ಕೆಲಸ ಮಾಡುವುದನ್ನು ಬೆಳಕಿನ ಮೂಲಕ ಕಣ್ಣಾರೆ ಕಾಣುವ ವಿಧಾನಗಳನ್ನು ಅಲ್ಲಿ ಕಲಿಸುತ್ತಾರೆ. ಮೂರ್ಛೆ ರೋಗ ಮೆದುಳಿನಲ್ಲಿ ಎಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ಪಿಎಚ್‌ಡಿಯ ವಿಷಯ. ವರ್ಷಗಟ್ಟಲೆ ಅದನ್ನು ಬೇರೆಯವರ ಬರಹಗಳಲ್ಲಿ ಓದಿದ್ದೆನೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಧಾರವಾಡದ ನನ್ನ ಮಾರ್ಗದರ್ಶಕರು ನೇರವಾಗಿ ಹೇಳಿದ್ದರು: ಈ ಕೆಲಸ ಕೈಯಾರೆ ಕಲಿತು ಬಂದರೆ ಪ್ರಯೋಗ ನಿನ್ನದು, ಇಲ್ಲದಿದ್ದರೆ ಬೇರೆ ವಿದ್ಯಾರ್ಥಿಗೆ ಕೊಡುತ್ತೇನೆ. ಅವರದು ತಪ್ಪೆಂದು ನಾನು ಅನ್ನುವುದಿಲ್ಲ. ಎಷ್ಟು ದಿನ ಕಾಯಬೇಕು ಅವರಾದರೂ?

ಪ್ಲಾಸ್ಟರ್ ತೆಗೆದ ಮೇಲೆ ಕೈ ನೋಡಲು ಸರಿಯಾಗಿಯೇ ಇತ್ತು. ಸೂಜಿಗೆ ದಾರ ಪೋಣಿಸಲು ಹೋದಾಗ ಗೊತ್ತಾಯಿತು. ಬೆರಳುಗಳು ಗಡಗಡ ನಡುಗಿದವು. ಎಲುಬಿನ ಡಾಕ್ಟರು ನನ್ನ ಕೈ ಹಿಡಿದು, ತಿರುವಿ, ಒತ್ತಿ ನೋಡಿದರು.

"ಎಲುಬು ಕೂಡೇತ್ರಿ ಮೇಡಂ. ನರದ್ದು ಮಾತ್ರ ನನ್ನ ಕೈಯಾಗಿಲ್ಲ. ಉಣ್ಣಾಕ, ಬರಿಯಾಕ ಏನೂ ತ್ರಾಸಿಲ್ಲ. ಸಣ್ಣ ಸೂಕ್ಷ್ಮ ಕೆಲಸ ಸದ್ಯಕ್ಕ ಬ್ಯಾಡ್ರಿ."

"ಯಾವಾಗ ಮಾಡಬಹುದ್ರಿ?"

"ಅದನ್ನ ಖರೇನ ಹೇಳಾಕ ಬರಂಗಿಲ್ರಿ."

ಅಂದೇ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋದೆ. ಅವ್ವನ ಮುಂದೆ ಅಳಬೇಕಾಗಿತ್ತು, ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ ಇಬ್ಬರೂ ಜೊತೆಗೆ ಲಿಂಗಪೂಜೆಗೆ ಕೂತೆವು. ಚಿಕ್ಕವಳಿದ್ದಾಗ ಅಯ್ಯನವರು ದೀಕ್ಷೆ ಕೊಟ್ಟು ಅಂಗೈಯಲ್ಲಿಟ್ಟ ಇಷ್ಟಲಿಂಗ ಅಂದಿನಿಂದ ನನ್ನ ಮೈಬಿಟ್ಟು ಅಗಲಿಲ್ಲ. ಎಡ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣಳತೆಗೆ ಎತ್ತಿ ಹಿಡಿದು, ಬಲಗೈಯಿಂದ ವಿಭೂತಿ ಹಚ್ಚಿದೆ. ಅದು ಅಡ್ಡಾದಿಡ್ಡಿಯಾಯಿತು. ಪತ್ರಿ ಏರಿಸಿದೆ. ಅದು ಜಾರಿ ಬಿತ್ತು. ಸಿಟ್ಟು ಬಂತು. "ನನ್ನ ಬಲಗೈ ನನಗೆ ಕೊಡು" ಎಂದು ಬಾಯಿ ಬಿಟ್ಟೇ ಕೇಳಿದೆ. ಬೇಡಿಕೊಂಡೆ ಅನ್ನುವುದಕ್ಕಿಂತ ಜಗಳ ತೆಗೆದೆ ಅಂದರೆ ಸರಿಯಾದೀತು.

ಅವ್ವ ಪಕ್ಕದಿಂದ ಮೆಲ್ಲಗೆ ಅಂದಳು, "ಕೇಳೂದು ಕೇಳವಾ. ಹೆಂಗ ಕೊಡಬೇಕನ್ನೂದು ಅವಗ ಕಲಿಸಾಕ ಹೋಗಬ್ಯಾಡ."

ಮೇ ಕೊನೆಯಲ್ಲಿ ಪುಣೆಗೆ ಹೋದೆ. ಹೋಗದೇ ಸೋಲುವುದಕ್ಕಿಂತ ಹೋಗಿ ಸೋಲುವುದು ನನಗೆ ಒಗ್ಗುತ್ತದೆ. ಅಲ್ಲಿ ನಮಗೆ ಕೊಟ್ಟದ್ದು ರೆಪ್ಪೆಗೂದಲಿಗಿಂತ ಚಿಕ್ಕದಾದ, ಗಾಜಿನಂತೆ ಪಾರದರ್ಶಕವಾದ ಮೀನಿನ ಮರಿಗಳನ್ನು. ನರಕೋಶ ಚುರುಕಾದಾಗ ಮಿನುಗುವ ಪ್ರೋಟೀನು ಅವುಗಳ ಮೆದುಳಿನಲ್ಲಿ ಹುಟ್ಟಿನಿಂದಲೇ ಇರುವಂತೆ ಸಾಕಿರುತ್ತಾರೆ. ಮರಿಯನ್ನು ಬೆಚ್ಚನೆಯ ತಿಳಿ ಜೆಲ್ಲಿಯ ಹನಿಯಲ್ಲಿ ಬಿಟ್ಟು, ಜೆಲ್ಲಿ ಹೆಪ್ಪುಗಟ್ಟುವುದರೊಳಗೆ ಕೂದಲೆಳೆಯಂಥ ಕುಂಚದಿಂದ ಅದರ ಬೆನ್ನು ಮೇಲೆ ಬರುವಂತೆ ನಿಲ್ಲಿಸಬೇಕು. ನೆಟ್ಟಗೆ ನಿಂತರೆ ಲೇಸರ್ ಸೂಕ್ಷ್ಮದರ್ಶಕದಲ್ಲಿ ಮೆದುಳು ಕಾಣುತ್ತದೆ. ಓರೆಯಾದರೆ ಕಣ್ಣಗುಡ್ಡೆ ಅಡ್ಡ ಬಂದು ಎಲ್ಲ ಹಾಳು.

ನನ್ನ ಮರಿಗಳೆಲ್ಲ ಓರೆ. ಒಂದು ಅಡ್ಡ ಮಲಗಿತು, ಒಂದು ತಲೆಕೆಳಗಾಯಿತು, ಒಂದಕ್ಕೆ ಕುಂಚ ತಾಗಿ ಗಾಯವಾಯಿತು. ನನಗಿಂತ ಎಷ್ಟೋ ಚಿಕ್ಕ ಹುಡುಗಿಯರು ಮಾತಾಡುತ್ತಲೇ ಮರಿ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ನಮಗೆ ಕಲಿಸುತ್ತಿದ್ದ ಶರ್ಮಿಷ್ಠಾ ಮೇಡಂ ಕೋಲ್ಕತ್ತದ ಕಡೆಯವರು, ಮಾತು ಕಡಿಮೆ. ಎರಡನೆಯ ದಿನ ಸಂಜೆ ನನ್ನನ್ನು ಕರೆದು, ನಾಳೆಯೂ ಆಗದಿದ್ದರೆ ಕಂಪ್ಯೂಟರಿನಲ್ಲಿ ದತ್ತಾಂಶ ವಿಶ್ಲೇಷಿಸುವ ಗುಂಪಿಗೆ ಹೋಗಿ, ಅದೂ ಒಳ್ಳೆಯ ಕೆಲಸವೇ ಎಂದರು. ಒಳ್ಳೆಯ ಕೆಲಸವೇ ಹೌದು. ಆದರೆ ಅದನ್ನು ಕಲಿತು ಧಾರವಾಡಕ್ಕೆ ಹೋದರೆ ಪ್ರಯೋಗ ನನ್ನ ಪಾಲಿಗಿಲ್ಲ. ಅವ್ವನಿಗೆ ಫೋನು ಮಾಡಿದೆ, ಊಟವಾಯಿತಾ ಎಂದಷ್ಟೇ ಕೇಳಿ ಇಟ್ಟೆ.

ಮೂರನೆಯ ದಿನ ಮರಿ ನಿಲ್ಲಿಸುವ ಕೆಲಸವನ್ನು ಲೇಸರ್ ಕೋಣೆಯೊಳಗೇ ಇಟ್ಟಿದ್ದರು, ಅದರ ಬಾಗಿಲಲ್ಲೇ ಹೊಸ ಗ್ರಹಚಾರ ಕಾದಿತ್ತು. ಹೊಳೆಯುವ ಲೋಹ ಯಾವುದೂ ಒಳಗೆ ಬರಬಾರದು. ಲೇಸರ್ ಬಡಿದು ಮರಳಿ ಯಾರದಾದರೂ ಕಣ್ಣಿಗೆ ಹೊಕ್ಕರೆ ಕಣ್ಣೇ ಹೋದೀತು. ಬಳೆ, ಉಂಗುರ, ಗಡಿಯಾರ ತೆಗೆದಿಟ್ಟೆ. ತಾಳಿಯನ್ನು ಕುಪ್ಪಸದೊಳಗೆ ಸೇರಿಸಿ ಪಿನ್ನು ಹಾಕಿದೆ. ಆದರೆ ಲಿಂಗವಿರುವ ಬೆಳ್ಳಿಯ ಕರಡಿಗೆ ದೊಡ್ಡದು, ಬಾಗಿದಾಗೆಲ್ಲ ಹೊರಗೆ ಜೋತು ಬೀಳುತ್ತಿತ್ತು. ಮೇಡಂ ಅದನ್ನೂ ತೆಗೆದಿಡಿ ಎಂದರು. ಅದೊಂದನ್ನು ತೆಗೆಯಲಾರೆ, ಬೇಕಾದರೆ ಹೊರಗೇ ನಿಲ್ಲುತ್ತೇನೆ ಎಂದೆ. ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ.

ಅವರಿಗೆ ಸಿಟ್ಟು ಬರಲಿಲ್ಲ. ಕಾರಿಡಾರಿನಲ್ಲಿ ನಿಂತು ಅದೇನೆಂದು ಕೇಳಿದರು. ನಾನು ಕರಡಿಗೆಯನ್ನು ಬಿಚ್ಚದೆ, ಶಿವದಾರವನ್ನು ಕೊರಳಿಂದ ತೆಗೆಯದೆ, ಮುಚ್ಚಿದ ಹಾಗೇ ಎಡ ಅಂಗೈಯಲ್ಲಿಟ್ಟೆ. ಬೆಳಿಗ್ಗೆ ಹೀಗೆ ಎತ್ತಿ ಹಿಡಿಯುತ್ತೇವೆ, ರೆಪ್ಪೆ ಮಿಟುಕಿಸದೆ ನೋಡುತ್ತ ಕೂಡುತ್ತೇವೆ, ನಮ್ಮ ದೇವರ ಗುಡಿ ಈ ಅಂಗೈಯೇ ಎಂದು ವಿವರಿಸಿದೆ. ಅವರು ಕರಡಿಗೆಯನ್ನು ನೋಡುತ್ತಿರಲಿಲ್ಲ. ನನ್ನ ಕೈಯನ್ನು ನೋಡುತ್ತಿದ್ದರು.

ಎಷ್ಟು ವರ್ಷದಿಂದ ಹೀಗೆ ಹಿಡಿಯುತ್ತಿದ್ದೀರಿ ಎಂದು ಕೇಳಿದರು. ಬುದ್ಧಿ ತಿಳಿದಾಗಿನಿಂದ ಎಂದೆ. ಹಾಗಾದರೆ ಮೀನನ್ನು ಈ ಕೈಯಿಂದ ಯಾಕೆ ಹಿಡಿಯುತ್ತಿಲ್ಲ ಎಂದರು.

ನಾನು ಕೆಳಗೆ ನೋಡಿದೆ. ಎಡಗೈ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಯಾಕೆ ಹಿಡಿಯಲಿಲ್ಲ ಎಂಬುದಕ್ಕೆ ಉತ್ತರ ನಿಮಗೆಲ್ಲ ಗೊತ್ತು. ಎಡಗೈಯಿಂದ ಕೊಡಬಾರದು, ತಗೋಬಾರದು, ಬಡಿಸಬಾರದು ಎಂದು ಬೆಳೆದವರು ನಾವು. ಎಡಗೈಯಲ್ಲಿ ರೊಟ್ಟಿ ಮುರಿದದ್ದಕ್ಕೆ ಅವ್ವನ ಕೈಯಿಂದ ಏಟು ತಿಂದಿದ್ದೇನೆ. ಒಳ್ಳೆಯ ಕೆಲಸವೊಂದಕ್ಕೆ ಎಡಗೈ ಚಾಚಬಹುದೆಂಬ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಅದೇ ಕೈಯಲ್ಲಿ ದಿನಾ ಬೆಳಿಗ್ಗೆ ಶಿವನನ್ನು ಕೂಡಿಸಿಕೊಂಡು, ಅವನ ಎದುರಿಗೇ, ನನಗೆ ಕೈಯಿಲ್ಲ ಎಂದು ಅಳುತ್ತಿದ್ದೆ.

ಮೇಡಂ ಕರಡಿಗೆಗೆ ಸುತ್ತಲು ಬೆಳಕು ತಡೆಯುವ ಕಪ್ಪು ಬಟ್ಟೆಯ ತುಂಡು ಕೊಟ್ಟರು. ಕಪ್ಪು ಎಂದು ಮನಸ್ಸು ಹಿಂಜರಿಯಿತು. ಅವ್ವನಿಗೆ ಫೋನು ಹಚ್ಚಿದೆ.

"ನಿಮ್ಮ ಮುತ್ಯಾ ಹೊಲದಾಗ ದುಡಿಯೂವಾಗ ಹಳೀ ಧೋತರದ ಅರಿವ್ಯಾಗ ಕಟ್ಟಿಕೊಂಡಿರ್ತಿದ್ದ. ಶಿವಗೆಲ್ಲಿ ಬಣ್ಣದ ಹಂಗೈತಿ? ಸುತ್ತಿಕೋ, ಒಳಗ ನಡಿ, ಜಲ್ದಿ."

ಎಡಗೈಗೆ ಕುಂಚ ಹಿಡಿಯಲು ಬರುತ್ತಿರಲಿಲ್ಲ. ಮೊದಲನೆಯ ಮರಿ ಓರೆಯಾಯಿತು, ಎರಡನೆಯದೂ ಓರೆಯಾಯಿತು. ಆದರೆ ಇದು ಕಲಿಯದ ಕೈಯ ತಪ್ಪು, ನಡುಗುವ ಕೈಯ ತಪ್ಪಲ್ಲ. ಆ ವ್ಯತ್ಯಾಸ ಬೆರಳಿಗೇ ತಿಳಿಯುತ್ತಿತ್ತು. ಪೂಜೆಗೆ ಕೂತಂತೆ ಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡೆ, ಉಸಿರು ಬಿಟ್ಟೆ, ದೃಷ್ಟಿ ನೆಟ್ಟೆ. ಮನಸ್ಸಿನಲ್ಲಿ ಪಂಚಾಕ್ಷರಿ ತಾನೇ ಶುರುವಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಮರಿ ಬೆನ್ನು ಮೇಲೆ ಮಾಡಿ ನೆಟ್ಟಗೆ ನಿಂತಿತು.

ಅದನ್ನು ಲೇಸರ್ ಅಡಿಯಲ್ಲಿಟ್ಟು ದೀಪ ಆರಿಸಿದರು. ಕಂಪ್ಯೂಟರಿನ ಕಪ್ಪು ತೆರೆಯ ಮೇಲೆ ಒಂದು ಚುಕ್ಕೆ ಮಿನುಗಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಒಂದು ಸಾಲೇ. ಒಂದು ಪುಟ್ಟ ಜೀವ ಏನನ್ನೋ ಅಂದುಕೊಳ್ಳುತ್ತಿತ್ತು, ಅದನ್ನು ನಾನು ನೋಡುತ್ತಿದ್ದೆ. ರಕ್ಷಣೆಯ ಕನ್ನಡಕದೊಳಗೆ ಕಣ್ಣೀರು ತುಂಬಿ ತೆರೆಯೆಲ್ಲ ಮಂಜಾಯಿತು. ಒರೆಸಿಕೊಳ್ಳಲು ಕನ್ನಡಕ ತೆಗೆಯುವಂತಿರಲಿಲ್ಲ. ಹಾಗೇ ಕೂತು ಎದೆಯ ಮೇಲಿನ ಕಪ್ಪು ಗಂಟನ್ನು ಮುಟ್ಟಿಕೊಂಡೆ.

ಬೇಸಿಗೆ ಶಾಲೆ ಮುಗಿಸಿ ಬಂದು, ಅಲ್ಲಿ ನಾನೇ ತೆಗೆದ ಚಿತ್ರಗಳನ್ನು ಮಾರ್ಗದರ್ಶಕರಿಗೆ ತೋರಿಸಿದೆ. ಪ್ರಯೋಗ ನನ್ನದಾಯಿತು. ಅಲ್ಲಿಂದ ನೇರ ಲಕ್ಷ್ಮೇಶ್ವರಕ್ಕೆ ಹೋಗಿ, ಧಾರವಾಡದಿಂದ ತಂದ ಫೇಡೆಯ ಡಬ್ಬಿಯನ್ನು ಅವ್ವನಿಗೆ ಬಲಗೈಯಿಂದ ಕೊಡಹೋದೆ. ಅವ್ವ ತೆಗೆದುಕೊಳ್ಳಲಿಲ್ಲ.

"ಇದಲ್ಲ. ಆ ಕೈ ತಾ."

ಎಡಗೈ ಚಾಚಿದೆ. ಒಮ್ಮೆ ರೊಟ್ಟಿಗಾಗಿ ಹೊಡೆದಿದ್ದ ಅದೇ ಕೈಯನ್ನು ಅವ್ವ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ನನ್ನ ಬಲಗೈ ಇನ್ನೂ ನಡುಗುತ್ತದೆ, ಸುಳ್ಳು ಹೇಳಲಾರೆ. ವಾಸಿಯಾದರೆ ಸಂತೋಷ, ಆಗದಿದ್ದರೆ ದೂರಿಲ್ಲ. ಈಗಲೂ ಬೆಳಿಗ್ಗೆ ಲಿಂಗಕ್ಕೆ ಏರಿಸಿದ ಹೂವು ಒಮ್ಮೊಮ್ಮೆ ಜಾರಿ ಬೀಳುತ್ತದೆ. ಮೊದಲಿನಂತೆ ಸಿಟ್ಟು ಮಾಡಿಕೊಂಡು ಮತ್ತೆ ಏರಿಸಲು ಹೋಗುವುದಿಲ್ಲ, ಬಿದ್ದಲ್ಲೇ ಬಿಡುತ್ತೇನೆ. ಬಿದ್ದರೂ ಅದು ಅವನು ಕುಳಿತ ಅಂಗೈಯಲ್ಲೇ ಬಿದ್ದಿರುತ್ತದೆ.