ಡಾಕ್ಟರ್ ಸಾಹೇಬ ದಿಗಂಬರ

ಮನ್ನಾಏಖೇಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ದಿಗಂಬರನನ್ನು ಜನ ಡಾಕ್ಟರ್ ಸಾಹೇಬ ಎನ್ನುತ್ತಾರೆ, ಅವನೂ ಬೇಡ ಎನ್ನುವುದಿಲ್ಲ. ನಾಡಿ ಹಿಡಿಯುವುದಿಲ್ಲ, ನಾಲಿಗೆ ನೋಡುವುದಿಲ್ಲ. ಕಬ್ಬು ಕಡಿಯುವವರು ಬಂದು ಹೊಟ್ಟೆ ಮುಟ್ಟಿಕೊಂಡರೆ ಸಾಕು, "ಗ್ಯಾಸ್ ಆಗ್ಯಾದ, ದಿನಾ ಎರಡು ಚೀಪು" ಎಂದು ಗುಲಾಬಿ ಗುಳಿಗೆ ಕೊಡುತ್ತಾನೆ. ಹೆಸರು ಅಚ್ಚಾದ ತುದಿ ತನ್ನಲ್ಲೇ ಉಳಿಯುವಂತೆ ಗುಳಿಗೆಯ ಪಟ್ಟಿ ಕತ್ತರಿಸುವುದೇ ಅವನು ಕಲಿತ ವೈದ್ಯವಿದ್ಯೆ. ಹೆಸರು ತಿಳಿದರೆ ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಾರಲ್ಲ! ಹೀಗೆ ಆರು ವರ್ಷ ಚೀಪಿದ ಅಂಬುಬಾಯಿ ಮೊನ್ನೆ ಸೊಂಟ ಹಿಡಿದುಕೊಂಡು ಬಂದಳು. "ಅಣ್ಣಾ, ಕಿಡ್ನ್ಯಾಗ ಹರಳಾಗ್ಯಾವ್ರಿ. ಈ ಗುಳಗಿಯಿಂದೇ ಇರಬೇಕು, ಹೆಸರು ಬರಸ್ಕೊಂಡು ಬಾ ಅಂತ ಹುಮನಾಬಾದದ ಡಾಕ್ಟರ್ ಅಂದಾರ." "ನೀವು ನೀರು ಕುಡಿಯಂಗಿಲ್ಲ, ತಪ್ಪು ಮಾತ್ರ ನನ್ನ ಗುಳಗೀದು?" ಎಂದು ದಿಗಂಬರ ಗದರಿದ. ಅವಳು ಕದಲಲಿಲ್ಲ. ಕೊನೆಗೆ ಹೆಸರು ಬರೆದುಕೊಟ್ಟು, ಕೌಂಟರ್ ಮೇಲೆ ಬಾಗಿ ದನಿ ಇಳಿಸಿದ: "ನಾಳಿ ಹೋಗುವಾಗ ನಮ್ಮವ್ವಗೂ ಕರಕೊಂಡು ಹೋಗಬೇ. ಹತ್ತು ವರ್ಷದಿಂದ ಅಕೀನೂ ಇದನ್ನೇ ತಿನ್ನಾಕತ್ತಾಳ. ನಾ ಕೊಟ್ಟೀನಂತ ಮಾತ್ರ ಡಾಕ್ಟರ್ ಮುಂದ ಹೇಳಬ್ಯಾಡ."